ಮಂಜಿನಲ್ಲಿ ಸುಮ್ಮನಿರುವ ಹಡಗು: ಕಾರ್ಕ್‌ನಿಂದ ಕೀಲ್‌ವರೆಗೆ ಏಳು ದಿನ

ದಿನ 1: ಕೋವ್

ಐರ್ಲೆಂಡಿನ ಕಾರ್ಕ್‌ನಿಂದ ಕೋವ್ ಊರಿಗೆ ರೈಲಿನಲ್ಲಿ ಅರ್ಧ ಗಂಟೆಯೂ ಹಿಡಿಯಲ್ಲ. ನಾನು ಕಾರ್ಕ್‌ಗೆ ಬಂದು ನಾಲ್ಕು ವರ್ಷ ಆಯ್ತು. ಬಂದ ನೆಂಟರನ್ನೆಲ್ಲ ಮೊದಲು ಕರ್ಕೊಂಡು ಹೋಗೋದು ಅಲ್ಲಿಗೇ. ಬಣ್ಣಬಣ್ಣದ ಮನೆಗಳ ಸಾಲು, ಗುಡ್ಡದ ಮೇಲೆ ದೊಡ್ಡ ಚರ್ಚು, ಟೈಟಾನಿಕ್ ಕೊನೆಯದಾಗಿ ನಿಂತು ಹೊರಟ ಬಂದರು. ನಾಲ್ಕು ಫೋಟೋ ತೆಗೆದು ವಾಪಸ್ ಬರುತ್ತೇವೆ.

ಈ ಸಲ ಬಂದದ್ದು ಹೊನ್ನಾವರದ ಭಾವ. ಮೂವತ್ತು ವರ್ಷ ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸ್ಟೇಷನ್‌ನಿಂದ ಹೊರಗೆ ಬಂದವರೇ "ಲೂಸಿಟಾನಿಯಾದವರನ್ನು ಮಣ್ಣು ಮಾಡಿದ ಜಾಗ ಎಲ್ಲಿದೆ?" ಅಂತ ಕೇಳಿದರು. ಲೂಸಿಟಾನಿಯಾ ಅಂದರೆ ಮೊದಲ ಮಹಾಯುದ್ಧದಲ್ಲಿ ಮುಳುಗಿದ ಬ್ರಿಟಿಷ್ ಪ್ರಯಾಣಿಕರ ಹಡಗು. ಜಾಗ ನನಗೆ ಗೊತ್ತಿತ್ತು, ಆದರೆ ನಾನೇ ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ.

ಹಳೆಯ ಚರ್ಚಿನ ಸ್ಮಶಾನ ಊರಿನಿಂದ ಸ್ವಲ್ಪ ಹೊರಗಿದೆ. ನಡೆದೇ ಹೋದೆವು. ಮೂರು ಸಾಮೂಹಿಕ ಗೋರಿಗಳು. ಮೇಲೆ ಹುಲ್ಲು, ಕಲ್ಲು, ಅಷ್ಟೇ. 1915ರ ಮೇ 10ರಂದು ಇಲ್ಲಿ ಪೆಟ್ಟಿಗೆಗಳನ್ನು ಒಂದರ ಪಕ್ಕ ಒಂದು ಇಳಿಸಿದರು. ತುಂಬಾ ಜನರ ಗುರುತೇ ಸಿಕ್ಕಿರಲಿಲ್ಲ. ಮೂರು ದಿನ ಮುಂಚೆ, ಮೇ 7ರ ಮಧ್ಯಾಹ್ನ, ಜರ್ಮನಿಯ ಯು-20 ಎಂಬ ಸಬ್‌ಮರೀನ್ ಹೊಡೆದ ಒಂದೇ ಟಾರ್ಪಿಡೊಗೆ ಲೂಸಿಟಾನಿಯಾ 18 ನಿಮಿಷದಲ್ಲಿ ಮುಳುಗಿತ್ತು. ಹತ್ತಿರ ಹತ್ತಿರ 1,200 ಜನ ಸತ್ತರು. ಈಗಿನ ಕೋವ್‌ಗೆ ಆಗ ಕ್ವೀನ್ಸ್‌ಟೌನ್ ಅಂತ ಹೆಸರು. ಹೆಣಗಳೂ ಬದುಕಿದವರೂ ಬಂದಿಳಿದದ್ದು ನಾವು ರೈಲು ಇಳಿದ ಅದೇ ದಡಕ್ಕೆ.

ಭಾವ ಚಪ್ಪಲಿ ಬಿಟ್ಟು ಹುಲ್ಲಿನ ಅಂಚಿನಲ್ಲಿ ತುಂಬಾ ಹೊತ್ತು ನಿಂತರು. ಆಮೇಲೆ ಹೇಳಿದ್ದು ಇಷ್ಟು. "ಆ ಬೆಳಿಗ್ಗೆ ಮಂಜು ಕವಿದಿತ್ತು. ಮಂಜಿನೊಳಗೆ ಇದ್ದಷ್ಟು ಹೊತ್ತು ಇವರೆಲ್ಲ ಬದುಕಿದ್ದರು."

ಈ ಪ್ರವಾಸಕ್ಕೆ ಅವರು ಬೇಸಿಗೆಯಿಂದಲೇ ಪ್ಲ್ಯಾನ್ ಹಾಕಿದ್ದರು ಅಂತ ಆಗ ಗೊತ್ತಾಯ್ತು. ಯು-20 ಈ ಕಡಲಿನಲ್ಲಿ ಮಂಜು ಸರಿಯಲಿ ಅಂತ ಕಾದಿತ್ತು. ಒಂದೂವರೆ ವರ್ಷದ ನಂತರ ಡೆನ್ಮಾರ್ಕಿನ ಮರಳಿನಲ್ಲಿ ಅದೇ ಯು-20 ಮಂಜಿಗೇ ಸಿಕ್ಕಿಬಿತ್ತು. ಎರಡೂ ಸಲ ಕ್ಯಾಪ್ಟನ್ ಒಬ್ಬನೇ, ವಾಲ್ಟರ್ ಶ್ವೀಗರ್. ಆ ಎರಡು ಜಾಗ ನೋಡಬೇಕು, ಆಮೇಲೆ ಒಂದು ನಿಜವಾದ ಯುದ್ಧಕಾಲದ ಸಬ್‌ಮರೀನ್ ಒಳಗೆ ಹೋಗಿ ನಿಲ್ಲಬೇಕು. ಇದು ಭಾವನ ಆಸೆ.

ದಿನ 2: ಕಿನ್‌ಸೇಲ್‌ನ ಓಲ್ಡ್ ಹೆಡ್

ಬೆಳಿಗ್ಗೆ ಕಿಟಕಿ ತೆಗೆದರೆ ಎದುರು ಮನೆ ಕಾಣಲಿಲ್ಲ. ಕಾರ್ಕ್ ದಾಟಿ ದಕ್ಷಿಣಕ್ಕೆ ಹೋದಂತೆಲ್ಲ ಮಂಜು ಇನ್ನೂ ಗಟ್ಟಿಯಾಯ್ತು. ಚಾರ್ಮಾಡಿ ಘಾಟಿಯಲ್ಲಿ ಮಳೆಗಾಲದ ಬೆಳಗ್ಗೆ ಗಾಡಿ ಓಡಿಸಿ ಅಭ್ಯಾಸ ಇರೋದರಿಂದ ಹೆದರಿಕೆ ಆಗಲಿಲ್ಲ, ಆದರೆ ಇಲ್ಲಿ ಬೆಟ್ಟ ಇಲ್ಲ. ಕಡಲಿಂದ ನೇರವಾಗಿ ಹೊಲದ ಮೇಲೆ ಹರಿದು ಬರುತ್ತೆ. ಮೇ ತಿಂಗಳಲ್ಲಿ ಗಾಳಿ ಬೆಚ್ಚಗಾಗಿರುತ್ತೆ, ನೀರು ಮಾತ್ರ ಇನ್ನೂ ಚಳಿಗಾಲದ ತಣ್ಣೀರು. ಹಸಿ ಗಾಳಿ ಆ ನೀರಿನ ಮೇಲೆ ಬಂದರೆ ಅಲ್ಲೇ ತಣ್ಣಗಾಗಿ, ಸಣ್ಣ ಹನಿಗಳಾಗಿ ಮಂಜಾಗುತ್ತೆ. ಗಾಳಿ ದಿಕ್ಕು ಬದಲಾಗೋ ತನಕ, ಇಲ್ಲವೇ ಬಿಸಿಲು ಏರೋ ತನಕ ಕೂತೇ ಇರುತ್ತೆ.

ಓಲ್ಡ್ ಹೆಡ್ ಅಂದರೆ ಕಡಲಿನೊಳಗೆ ಚಾಚಿಕೊಂಡ ನೆಲದ ತುಂಡು. ತುದಿಯಲ್ಲಿ ದೀಪಸ್ತಂಭ ಇದೆ, ಆದರೆ ಆ ಭಾಗ ಈಗ ಖಾಸಗಿ ಗಾಲ್ಫ್ ಮೈದಾನ. ಕುತ್ತಿಗೆಯಂತಿರುವ ಜಾಗದಲ್ಲಿ ನೆಪೋಲಿಯನ್ ಕಾಲದ ಸಿಗ್ನಲ್ ಗೋಪುರವನ್ನು ರಿಪೇರಿ ಮಾಡಿ ಲೂಸಿಟಾನಿಯಾ ಮ್ಯೂಸಿಯಂ ಮಾಡಿದ್ದಾರೆ. ಪಕ್ಕದ ತೋಟದಲ್ಲಿ ಅಲೆಯ ಆಕಾರದ ಸ್ಮಾರಕ, ಅದರ ಮೇಲೆ ಹಡಗಿನಲ್ಲಿದ್ದವರ ಹೆಸರುಗಳು. ಮೇಲೆ ಹತ್ತಿ ನಿಂತರೆ ಹಡಗು ಮುಳುಗಿದ ದಿಕ್ಕು ಕಾಣುತ್ತೆ ಅಂತ ಬರೆದಿತ್ತು. ನಮಗೆ ಕಂಡದ್ದು ಬಿಳಿ ಗೋಡೆ.

ಅಲ್ಲೇ ಒಂದು ಬೆಂಚಿನಲ್ಲಿ ಕೂತು ಫ್ಲಾಸ್ಕಿನ ಚಹಾ ಕುಡಿದೆವು. ಭಾವ ತಮ್ಮ ಅನುಭವ ಹೇಳಿದರು. ಮಂಜು ಬಂತು ಅಂದರೆ ಬ್ರಿಡ್ಜ್‌ನಿಂದ, ಅಂದರೆ ಹಡಗು ನಡೆಸುವ ಮೇಲಿನ ಕೋಣೆಯಿಂದ, ಎಂಜಿನ್ ರೂಮಿಗೆ ಫೋನ್ ಬರುತ್ತೆ, ಸ್ಟ್ಯಾಂಡ್‌ಬೈ ಇರಿ, ಯಾವ ಕ್ಷಣದಲ್ಲಾದರೂ ನಿಲ್ಲಿಸಬೇಕಾಗಬಹುದು ಅಂತ. ವೇಗ ಇಳಿಸ್ತಾರೆ. ಎರಡು ನಿಮಿಷ ಮೀರದ ಹಾಗೆ ಒಂದೊಂದು ಉದ್ದ ಹಾರ್ನ್ ಹಾಕ್ತಾ ಇರ್ತಾರೆ. ನಾನು ಇಲ್ಲಿದ್ದೀನಿ, ನಾನು ಇಲ್ಲಿದ್ದೀನಿ ಅಂತ ಎಲ್ಲ ಹಡಗೂ ಕೂಗ್ತಾ ಇರಬೇಕು. ಮಂಜಿನಲ್ಲಿ ಅದೊಂದೇ ಧರ್ಮ.

"ಸಬ್‌ಮರೀನ್ ಕೂಗೋ ಹಾಗಿಲ್ಲ, ಅಲ್ವಾ?" ಅಂದೆ.

"ಅದಕ್ಕೇ ಅದು ಕೆಳಗೆ ಹೋಗುತ್ತೆ" ಅಂದರು.

ನೀರಿನ ಮೇಲೆ ತೇಲುವ ಸಬ್‌ಮರೀನ್ ತುಂಬಾ ತಗ್ಗು. ಮಂಜಿನೊಳಗಿಂದ ಬರುವ ಹಡಗಿಗೆ ಅದು ಕಾಣೋದೇ ಇಲ್ಲ. ಸಬ್‌ಮರೀನ್ ಮೇಲೆ ನಿಂತವನಿಗೂ ಹಡಗಿನ ಮೂತಿ ಕಾಣೋ ಹೊತ್ತಿಗೆ ತಡವಾಗಿರುತ್ತೆ. ಒಂದು ಮೀನುಗಾರಿಕೆ ದೋಣಿ ಬಂದು ಗುದ್ದಿದರೂ ಸಾಕು, ಹೊಟ್ಟೆ ಸೀಳುತ್ತೆ. ಶ್ವೀಗರ್ 1915ರ ಏಪ್ರಿಲ್ 30ಕ್ಕೆ ಎಮ್ಡೆನ್ ಬಿಟ್ಟು, ಸ್ಕಾಟ್ಲೆಂಡಿನ ಉತ್ತರಕ್ಕೆ ಸುತ್ತು ಹಾಕಿ, ಐರ್ಲೆಂಡಿನ ಪಶ್ಚಿಮ ಕರಾವಳಿ ಇಳಿದು ಇಲ್ಲಿಗೆ ಬಂದಿದ್ದ. ಅವನಿಗೆ ಸಿಕ್ಕ ಆದೇಶ ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನ ಬಾಯಿಗೆ ಹೋಗಿ ಕಾಯಬೇಕು ಅಂತ. ಮೇ 6ರಂದು ಕ್ಯಾಂಡಿಡೇಟ್, ಸೆಂಚುರಿಯನ್ ಎಂಬ ಎರಡು ಹಡಗು ಮುಳುಗಿಸಿದ. ಆಮೇಲೆ ಮಂಜು ಬಿಡಲೇ ಇಲ್ಲ. ಅಂದು ರಾತ್ರಿ ಅವನು ಲಿವರ್‌ಪೂಲ್ ಯೋಚನೆ ಕೈಬಿಟ್ಟ. ಕಾರಣಗಳನ್ನು ತನ್ನ ಯುದ್ಧ ದಿನಚರಿಯಲ್ಲಿ ಒಂದೊಂದಾಗಿ ಬರೆದಿದ್ದಾನೆ. ಮಂಜಿನಲ್ಲಿ ಕಾವಲು ಹಡಗುಗಳು ಯಾವ ಕಡೆಯಿಂದ ಬರುತ್ತವೆ ಗೊತ್ತಾಗಲ್ಲ, ಹಾಗಾಗಿ ನೀರಿನ ಕೆಳಗೇ ಇರಬೇಕಾಗುತ್ತೆ. ಎಣ್ಣೆ ಕಡಿಮೆ ಆಗ್ತಿದೆ. ಉಳಿದಿರೋದು ಮೂರು ಟಾರ್ಪಿಡೊ, ಅದರಲ್ಲಿ ಎರಡು ವಾಪಸ್ ಹೋಗೋ ದಾರಿಗೆ ಬೇಕು.

ಇದನ್ನು ಓದುವಾಗ ನನಗೆ ಅಂಗಡಿ ಲೆಕ್ಕದ ಹಾಗೆ ಅನಿಸಿತು. ಎಣ್ಣೆ ಎಷ್ಟು, ಬ್ಯಾಟರಿ ಎಷ್ಟು, ಬೆಳಕು ಎಷ್ಟು. ಕೆಟ್ಟ ಹವೆಯಲ್ಲಿ ಸಬ್‌ಮರೀನ್ ಕ್ಯಾಪ್ಟನ್ ಮಾಡುತ್ತಿದ್ದದ್ದು ಬಹುಪಾಲು ಈ ಲೆಕ್ಕವೇ. ಆ ಕಾಲದ ಸಬ್‌ಮರೀನ್ ಮುಳುಗಿ ನಿಧಾನವಾಗಿ ಹೋದರೆ ಸುಮಾರು 80 ನಾಟಿಕಲ್ ಮೈಲಿ (150 ಕಿಲೋಮೀಟರ್ ಹತ್ತಿರ) ಹೋಗಬಹುದಿತ್ತು. ಆಮೇಲೆ ಬ್ಯಾಟರಿ ಖಾಲಿ. ಚಾರ್ಜ್ ಮಾಡಲು ಡೀಸೆಲ್ ಎಂಜಿನ್ ಓಡಬೇಕು, ಎಂಜಿನ್‌ಗೆ ಗಾಳಿ ಬೇಕು, ಗಾಳಿಗೆ ಮೇಲೆ ಬರಲೇಬೇಕು. ಮಂಜು ಇರಲಿ, ಬಿರುಗಾಳಿ ಇರಲಿ, ಮೇಲೆ ಬರಲೇಬೇಕು.

ಮೇ 7ರ ಬೆಳಿಗ್ಗೆ ಮತ್ತೆ ದಟ್ಟ ಮಂಜು. ಶ್ವೀಗರ್ ಮನೆ ಕಡೆಗೆ ತಿರುಗಿದ್ದ. ಅದೇ ಹೊತ್ತಿಗೆ ಪಶ್ಚಿಮದಿಂದ ಲೂಸಿಟಾನಿಯಾ ಅದೇ ಮಂಜಿನೊಳಗೆ ಹೊಕ್ಕಿತು. ಕ್ಯಾಪ್ಟನ್ ವಿಲಿಯಂ ಟರ್ನರ್ ನಿಯಮದ ಪ್ರಕಾರ ವೇಗ 18 ನಾಟ್‌ಗೆ, ಆಮೇಲೆ 15ಕ್ಕೆ ಇಳಿಸಿದ. ಹಾರ್ನ್ ಹಾಕಿಸಿದ. ಹಡಗಿನಲ್ಲಿದ್ದ ಕೆಲವರಿಗೆ ಆ ಹಾರ್ನ್ ಕೇಳಿ ಸಿಟ್ಟು ಬಂತಂತೆ, ಶತ್ರುವಿಗೆ ನಾವೇ ಕರೆದು ಹೇಳಿದ ಹಾಗಾಯ್ತಲ್ಲ ಅಂತ. ಆದರೆ ಹಾರ್ನ್ ಹಾಕಿದ್ದರಿಂದ ಹಡಗು ಸಿಕ್ಕಿಬೀಳಲಿಲ್ಲ. ಸಿಕ್ಕಿಬಿದ್ದದ್ದು ಮಂಜು ಹೋದ ಮೇಲೆ.

ಮಧ್ಯಾಹ್ನದ ಹೊತ್ತಿಗೆ ಮಂಜು ಪೂರ್ತಿ ಸರಿಯಿತು. ಕಡಲು ಕನ್ನಡಿ. ಜೂನೊ ಎಂಬ ಹಳೆಯ ಬ್ರಿಟಿಷ್ ಯುದ್ಧನೌಕೆ ತನ್ನ ಮೇಲಿನಿಂದಲೇ ದಾಟಿಹೋದ ಸದ್ದನ್ನು ಶ್ವೀಗರ್ ನೀರಿನ ಕೆಳಗೇ ಕೇಳಿಸಿಕೊಂಡ. ಅದು ಅಂಕುಡೊಂಕಾಗಿ ಹೋಗುತ್ತಿತ್ತು, ಹೊಡೆಯಲು ಆಗಲಿಲ್ಲ. ಆಮೇಲೆ ಮೇಲೆ ಬಂದ. ಸ್ವಲ್ಪ ಹೊತ್ತಿಗೆ ದೂರದಲ್ಲಿ ನಾಲ್ಕು ಹೊಗೆ ಕೊಳವೆ ಕಂಡವು.

ಟರ್ನರ್‌ಗೆ ಬೆಳಿಗ್ಗೆಯಿಂದ ಮಂಜಿನಲ್ಲಿ ಬಂದು ತಾನೆಲ್ಲಿದ್ದೇನೆ ಅನ್ನೋದು ಸರಿಯಾಗಿ ಗೊತ್ತಿರಲಿಲ್ಲ. ನೆಲ ಕಂಡ ಕೂಡಲೇ ಓಲ್ಡ್ ಹೆಡ್ ದೀಪಸ್ತಂಭವನ್ನು ಗುರುತಾಗಿಟ್ಟುಕೊಂಡು ಅಳತೆ ತೆಗೆಯಲು ಶುರು ಮಾಡಿದ. ಆ ಅಳತೆಗೆ ಹಡಗು ಒಂದೇ ದಿಕ್ಕಿನಲ್ಲಿ, ಒಂದೇ ವೇಗದಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಹೋಗ್ತಾ ಇರಬೇಕು. ಸಬ್‌ಮರೀನ್‌ಗೆ ಇದಕ್ಕಿಂತ ಸುಲಭ ಬೇಟೆ ಇಲ್ಲ. ಮಧ್ಯಾಹ್ನ 2 ಗಂಟೆ 10 ನಿಮಿಷಕ್ಕೆ, ಸುಮಾರು 700 ಮೀಟರ್ ದೂರದಿಂದ ಶ್ವೀಗರ್ ಟಾರ್ಪಿಡೊ ಬಿಟ್ಟ. ಅದು ಜನ ತುಂಬಿದ ಹಡಗು ಅಂತ ಕಾಣುವಷ್ಟು ಹತ್ತಿರ. ಅವನ ಜಾಣತನದ ಬಗ್ಗೆ ಎಷ್ಟು ಓದಿದರೂ ನನಗೆ ಕೋವ್‌ನ ಆ ಹುಲ್ಲು ಮರೆಯಲು ಆಗಲ್ಲ.

ಪಕ್ಕದ ಕೋರ್ಟ್‌ಮ್ಯಾಕ್‌ಶೆರಿ ಊರಿನ ರಕ್ಷಣಾ ದೋಣಿ ಹೊರಟಾಗ ಹಾಯಿಗೆ ಗಾಳಿಯೇ ಇರಲಿಲ್ಲವಂತೆ. ಅಷ್ಟು ದೂರ, ಮೂರು ಗಂಟೆಗೂ ಜಾಸ್ತಿ, ಹುಟ್ಟು ಹಾಕಿಕೊಂಡೇ ಹೋದರು. ತಲುಪಿದಾಗ ಎತ್ತಿಕೊಳ್ಳಲು ಹೆಣಗಳಷ್ಟೇ ಉಳಿದಿದ್ದವು.

ನಾವು ಸಂಜೆ ನಾಲ್ಕರ ತನಕ ಕಾದೆವು. ನಮ್ಮ ದಿನ ಮಂಜು ಸರಿಯಲೇ ಇಲ್ಲ. ಐರ್ಲೆಂಡಿನ ಕರಾವಳಿಯ ಮಂಜಿನ ಹಾರ್ನ್‌ಗಳನ್ನು 2011ರಲ್ಲೇ ನಿಲ್ಲಿಸಿಬಿಟ್ಟಿದ್ದಾರೆ, ಹಾಗಾಗಿ ಸದ್ದೂ ಇಲ್ಲ. ಕೆಳಗೆ ಬಂಡೆಗೆ ನೀರು ತಾಗೋದು ಮಾತ್ರ ಕೇಳ್ತಿತ್ತು. ಕಾರಿಗೆ ವಾಪಸ್ ನಡೆಯುವಾಗ ಭಾವ "ಅವತ್ತೂ ಹೀಗೇ ಇದ್ದಿದ್ದರೆ" ಅಂದರು. ಮಾತು ಮುಂದುವರಿಸಲಿಲ್ಲ.

ದಿನ 3: ದಾರಿ

ಎರಡು ವಿಮಾನ ಬದಲಾಯಿಸಿ ಡೆನ್ಮಾರ್ಕಿನ ಬಿಲುಂಡ್. ಭಾವನ ಬ್ಯಾಗು ಬರಲಿಲ್ಲ, ಮರುದಿನ ತಂದುಕೊಟ್ಟರು. ಬಾಡಿಗೆ ಕಾರಿನಲ್ಲಿ ಪಶ್ಚಿಮ ಕರಾವಳಿಗೆ. ರಾತ್ರಿ ಲೆಮ್‌ವಿಗ್ ಊರಿನಲ್ಲಿ ಉಳಿದೆವು. ಅನ್ನ, ಮೊಸರು, ಮಗಳು ಕಟ್ಟಿಕೊಟ್ಟ ನಿಂಬೆ ಉಪ್ಪಿನಕಾಯಿ.

ದಿನ 4: ವ್ರಿಸ್ಟ್, ಥಾರ್ಸ್‌ಮಿಂಡೆ

ಈ ಕರಾವಳಿಗೆ ಇಲ್ಲಿಯವರು ಕಬ್ಬಿಣದ ಕರಾವಳಿ ಅಂತಾರೆ. ನೋಡಿದರೆ ಎಲ್ಲೂ ಬಂಡೆ ಇಲ್ಲ. ಉದ್ದಕ್ಕೂ ಮರಳು, ಮರಳಿನ ದಿಬ್ಬ, ದಿಬ್ಬದ ಮೇಲೆ ಒರಟು ಹುಲ್ಲು. ಆದರೆ ನೀರಿನ ಕೆಳಗೆ ದಡಕ್ಕೆ ಸಮವಾಗಿ ಮರಳಿನ ಏರಿಗಳಿವೆ. ಹಡಗು ಅವಕ್ಕೆ ತಗುಲಿಕೊಂಡರೆ ಅಲೆಗಳು ಬಡಿದು ಬಡಿದು ಮುಗಿಸಿಬಿಡುತ್ತವೆ. ನೂರಾರು ಹಡಗು ಇಲ್ಲಿ ಹೋಗಿವೆ.

ವ್ರಿಸ್ಟ್ ಒಂದು ಚಿಕ್ಕ ಜಾಗ, ರಜೆಯ ಮನೆಗಳು ಅಷ್ಟೇ. ದಿಬ್ಬ ಹತ್ತಿ ಇಳಿದರೆ ಕಡಲು. ಅವತ್ತು ಬಿಸಿಲು ಚೆನ್ನಾಗಿತ್ತು, ಗಾಳಿ ಕಿವಿ ಕಿತ್ತು ಹೋಗೋ ಹಾಗೆ. ಯು-20ರ ಉಳಿದ ಭಾಗ ದಡದಿಂದ ಸುಮಾರು 400 ಮೀಟರ್ ಆಚೆ, ನೀರಿನ ಕೆಳಗೆ ಮರಳಿನಲ್ಲಿದೆ. ಮೇಲಿಂದ ಏನೂ ಕಾಣಲ್ಲ. ಆದರೂ ನಿಂತು ನೋಡಿದೆವು.

1916ರ ನವೆಂಬರ್ 4. ಶ್ವೀಗರ್ ಮನೆಗೆ ವಾಪಸ್ ಬರುತ್ತಿದ್ದ. ಯು-30 ಎಂಬ ಇನ್ನೊಂದು ಸಬ್‌ಮರೀನ್‌ನ ಎಂಜಿನ್ ಕೆಟ್ಟು ಅದು ಒದ್ದಾಡ್ತಿತ್ತು. ಅದರ ಜೊತೆಗೆ ಇರೋಣ ಅಂತ ಇವನೂ ನಿಧಾನವಾಗಿ ಬಂದ. ಸಂಜೆ ಮಂಜು ಕವಿಯಿತು. ದಿಕ್ಸೂಚಿ ಸರಿಯಿರಲಿಲ್ಲ. ಸೂರ್ಯ ಇಲ್ಲ, ನಕ್ಷತ್ರ ಇಲ್ಲ, ದೀಪಸ್ತಂಭ ಕಾಣಲ್ಲ. ಇಂಥಾ ಹೊತ್ತಿನಲ್ಲಿ ಯಾವ ಕ್ಯಾಪ್ಟನ್ ಆದರೂ ಮಾಡೋದು ಒಂದೇ. ಎಷ್ಟು ಹೊತ್ತು, ಎಷ್ಟು ವೇಗ, ಯಾವ ದಿಕ್ಕು ಅಂತ ನಕ್ಷೆ ಮೇಲೆ ಪೆನ್ಸಿಲ್ ಗೆರೆ ಎಳೀತಾ ಹೋಗೋದು. ದಿಕ್ಕು ಸ್ವಲ್ಪ ತಪ್ಪಿದ್ದರೆ ಗೆರೆ ಪೂರ್ತಿ ಸುಳ್ಳು. ನೀರಿನ ಸೆಳೆತ ಬೇರೆ ದೂಡುತ್ತಿರುತ್ತೆ. ರಾತ್ರಿ ಎಂಟು ದಾಟಿದ ಮೇಲೆ ಎರಡೂ ಸಬ್‌ಮರೀನ್‌ಗಳು ಈ ಮರಳಿಗೆ ಬಂದು ಕೂತವು. ಯು-30 ತನ್ನ ಭಾರ ಇಳಿಸಿಕೊಂಡು ಹೇಗೋ ಬಿಡಿಸಿಕೊಂಡಿತು. ಯು-20 ಅಲುಗಾಡಲಿಲ್ಲ.

ಬೆಳಗಾಗುವಾಗ ಜರ್ಮನ್ ಟಾರ್ಪಿಡೊ ದೋಣಿಗಳು ಬಂದು ಹಗ್ಗ ಕಟ್ಟಿ ಎಳೆದವು. ಹಗ್ಗ ಕಿತ್ತುಹೋದವು. ಕೊನೆಗೆ ಸಿಬ್ಬಂದಿ ಮುಂಭಾಗದ ಟಾರ್ಪಿಡೊಗಳನ್ನು ಸಿಡಿಸಿ, ತಮ್ಮ ಹಡಗನ್ನು ತಾವೇ ಮುರಿದು ಹೊರಟುಹೋದರು. ಡೆನ್ಮಾರ್ಕ್ ಆ ಯುದ್ಧದಲ್ಲಿ ಯಾರ ಪಕ್ಷವೂ ಅಲ್ಲ. ಒಂಬತ್ತು ವರ್ಷ ಆ ಹೆಣ ಇಲ್ಲೇ ಬಿದ್ದಿತ್ತು. 1925ರಲ್ಲಿ ಡ್ಯಾನಿಶ್ ನೌಕಾಪಡೆ ಉಳಿದದ್ದನ್ನು ಸ್ಫೋಟಿಸಿತು.

ಅಲ್ಲಿಂದ ದಕ್ಷಿಣಕ್ಕೆ ಥಾರ್ಸ್‌ಮಿಂಡೆ. ಇಲ್ಲಿಯ ಮ್ಯೂಸಿಯಂಗೆ ಸೇಂಟ್ ಜಾರ್ಜ್ ಅಂತ ಹೆಸರು, 1811ರ ಕ್ರಿಸ್‌ಮಸ್ ಹಿಂದಿನ ದಿನ ಬಿರುಗಾಳಿಗೆ ಇಲ್ಲೇ ಒಡೆದ ಬ್ರಿಟಿಷ್ ಯುದ್ಧನೌಕೆಯ ಹೆಸರು. ನಾವು ಬಂದದ್ದು ಹೊರಗಿನ ಹುಲ್ಲಿನ ಮೇಲಿರುವ ಒಂದು ಕಬ್ಬಿಣದ ತುಂಡಿಗಾಗಿ. ಯು-20ರ ಕಾನಿಂಗ್ ಟವರ್. ಕ್ಯಾಪ್ಟನ್ ಪೆರಿಸ್ಕೋಪ್‌ಗೆ ಕಣ್ಣಿಟ್ಟು ನಿಲ್ಲುತ್ತಿದ್ದ ಗೂಡು.

ಇದು ಇಷ್ಟು ಚಿಕ್ಕದಿರುತ್ತೆ ಅಂತ ಅಂದುಕೊಂಡಿರಲಿಲ್ಲ. ನಮ್ಮೂರಿನ ಮನೆಗಳ ತಾರಸಿ ಮೇಲಿನ ನೀರಿನ ಟ್ಯಾಂಕ್ ಇರುತ್ತಲ್ಲ, ಅದನ್ನು ಸ್ವಲ್ಪ ಎಳೆದು ಉದ್ದ ಮಾಡಿದ ಹಾಗೆ. ತುಕ್ಕು ಪದರ ಪದರವಾಗಿ ಎದ್ದು, ಮಳೆ ನೀರು ಕೆಂಪು ಗೆರೆ ಎಳೆದಿತ್ತು. ಭಾವ ರಿವೆಟ್‌ಗಳ ಮೇಲೆ ಬೆರಳಾಡಿಸಿ ನೋಡಿದರು. ತಣ್ಣಗಿತ್ತು. ಒಳಗೆ ಇಬ್ಬರು ನಿಂತರೆ ಭುಜಕ್ಕೆ ಭುಜ ತಾಗುತ್ತೆ. ಲೂಸಿಟಾನಿಯಾವನ್ನು ನೋಡಿದ ಕಣ್ಣು ಈ ಗೂಡಿನೊಳಗೆ ಇತ್ತು. ಮಂಜಿನಲ್ಲಿ ಮೋಸ ಹೋದದ್ದೂ ಈ ಗೂಡೇ. ಒಂದು ಪುಟ್ಟ ಹುಡುಗಿ ಅದರ ಸುತ್ತ ಓಡ್ತಾ ಅಣ್ಣನ ಜೊತೆ ಕಣ್ಣಾಮುಚ್ಚಾಲೆ ಆಡುತ್ತಿದ್ದಳು.

ದಿನ 5: ಬೊವ್‌ಬ್ಯಾರ್, ಥೈಬೊರಾನ್

ಬೊವ್‌ಬ್ಯಾರ್ ದೀಪಸ್ತಂಭ ಕೆಂಪು ಬಣ್ಣದ್ದು, 1877ರಿಂದ ಮಣ್ಣಿನ ಕಡಿದಾದ ಗುಡ್ಡದ ಮೇಲೆ ನಿಂತಿದೆ. ಯು-20 ಬಂದು ಕೂತ ರಾತ್ರಿಯೂ ಇದು ಇಲ್ಲೇ ಇತ್ತು. ಈಗ ಕೆಳಗೆ ಕಾಫಿ ಅಂಗಡಿ ಇದೆ. ಮೇಲೆ ಹತ್ತಿದರೆ ವ್ರಿಸ್ಟ್ ಕಡೆಯ ತೀರ ಚೆನ್ನಾಗಿ ಕಾಣುತ್ತೆ.

ಥೈಬೊರಾನ್‌ನ ಸಮುದ್ರ ಯುದ್ಧ ಮ್ಯೂಸಿಯಂನಲ್ಲಿ ಯು-20ರ ಕಥೆಯ ಇನ್ನೊಂದು ತುದಿ ಸಿಕ್ಕಿತು. ಒಂದು ಸಬ್‌ಮರೀನ್ ಬಿಡಿಸಲು ಜರ್ಮನಿ ಕಳಿಸಿದ್ದು ಟಾರ್ಪಿಡೊ ದೋಣಿಗಳನ್ನು ಮಾತ್ರ ಅಲ್ಲ. ಅವುಗಳ ಕಾವಲಿಗೆ ದೊಡ್ಡ ಯುದ್ಧನೌಕೆಗಳೂ ಬಂದಿದ್ದವು. ನವೆಂಬರ್ 5ರಂದು ಅವನ್ನು ಬ್ರಿಟಿಷ್ ಸಬ್‌ಮರೀನ್ ಜೆ-1 ನೋಡಿತು. ಕ್ಯಾಪ್ಟನ್ ನೋಯೆಲ್ ಲಾರೆನ್ಸ್. ಮಂಜು ಹೋಗಿ ಆಗ ದೊಡ್ಡ ಅಲೆ ಎದ್ದಿತ್ತು.

ಇಲ್ಲಿ ಭಾವ ನನಗೆ ಒಂದು ವಿಷಯ ಬಿಡಿಸಿ ಹೇಳಿದರು. ಪೆರಿಸ್ಕೋಪ್ ನೀರಿನ ಮೇಲಿರಬೇಕಾದರೆ ಸಬ್‌ಮರೀನ್ ಮೇಲ್ಮೈಯ ತೀರಾ ಹತ್ತಿರ ಇರಬೇಕು. ದೊಡ್ಡ ಅಲೆ ಮೇಲಿಂದ ದಾಟುವಾಗ ಅದು ಸಬ್‌ಮರೀನನ್ನು ಮೇಲಕ್ಕೆ ಹೀರುತ್ತೆ. ಒಂದು ಕ್ಷಣ ಹಿಡಿತ ತಪ್ಪಿದರೆ ಇಡೀ ಟವರ್ ಹೊರಗೆ ಚಿಮ್ಮುತ್ತೆ, ಶತ್ರು ನೋಡಿಬಿಡುತ್ತಾನೆ. ಅದಕ್ಕೆ ಸ್ವಲ್ಪ ಜಾಸ್ತಿ ನೀರು ತುಂಬಿಸಿಕೊಂಡು ಭಾರವಾಗಿರುತ್ತಾರೆ. ಜಾಸ್ತಿ ಭಾರ ಆದರೆ ಪೆರಿಸ್ಕೋಪೇ ಮುಳುಗುತ್ತೆ. ಅಲೆ ಇಳಿದಾಗ ಒಂದು ನೋಟ, ಏರಿದಾಗ ಕುರುಡು. ಹಾಗೆ ಸಿಕ್ಕ ಚೂರುಪಾರು ನೋಟದಲ್ಲಿ ದೂರ, ವೇಗ, ದಿಕ್ಕು ಎಲ್ಲ ಅಂದಾಜು ಮಾಡಬೇಕು.

ಲಾರೆನ್ಸ್ ಸುಮಾರು ಮೂರೂವರೆ ಕಿಲೋಮೀಟರ್ ದೂರದಿಂದ ನಾಲ್ಕು ಟಾರ್ಪಿಡೊ ಒಟ್ಟಿಗೆ ಬಿಟ್ಟ. ಎರಡು ತಗುಲಿದವು, ಒಂದು ಗ್ರೋಸರ್ ಕುರ್‌ಫ್ಯುರ್ಸ್ಟ್‌ಗೆ, ಇನ್ನೊಂದು ಕ್ರೋನ್‌ಪ್ರಿನ್ಸ್‌ಗೆ. ಎರಡೂ ಮುಳುಗಲಿಲ್ಲ, ಕುಂಟುತ್ತಾ ಮನೆ ಸೇರಿದವು. ಒಂದು ಸಬ್‌ಮರೀನ್‌ಗೋಸ್ಕರ ಇಷ್ಟು ದೊಡ್ಡ ಹಡಗುಗಳನ್ನು ಅಪಾಯಕ್ಕೆ ಒಡ್ಡಿದ್ದಕ್ಕೆ ಚಕ್ರವರ್ತಿ ಕೈಸರ್ ತನ್ನ ಅಡ್ಮಿರಲ್ ಶೀರ್ ಮೇಲೆ ಕೋಪಗೊಂಡ. ವ್ರಿಸ್ಟ್ ಮರಳಿನ ಒಂದು ರಾತ್ರಿಯ ಮಂಜು ಬರ್ಲಿನ್ ತನಕ ಹೋಯ್ತು.

ಸಂಜೆಯೇ ದಕ್ಷಿಣಕ್ಕೆ ಹೊರಟು ಗಡಿ ದಾಟಿ ಜರ್ಮನಿಯ ಕೀಲ್ ಸೇರಿದೆವು.

ದಿನ 6: ಲಾಬೊ

ಕೀಲ್‌ನಿಂದ ಲಾಬೊಗೆ ಫೆರ್ರಿ ಇದೆ. ದಡದಲ್ಲಿ ಎತ್ತರದ ನೌಕಾ ಸ್ಮಾರಕ ಗೋಪುರ, ಅದರ ಮುಂದೆ ಮರಳಿನ ಮೇಲೆ ಕಂಬಗಳಿಗೆ ಆತು ನಿಂತ ಯು-995. ಎರಡನೇ ಮಹಾಯುದ್ಧದ ಸಬ್‌ಮರೀನ್. 1943ರಲ್ಲಿ ಸೇವೆಗೆ ಬಂತು. ಆರ್ಕ್ಟಿಕ್ ಕಡಲಿನಲ್ಲಿ ಓಡಾಡಿತು. ಯುದ್ಧ ಮುಗಿದಾಗ ನಾರ್ವೆಯಲ್ಲಿ ಸಿಕ್ಕಿ, ಆ ದೇಶದ ನೌಕಾಪಡೆಯಲ್ಲೂ ಕೆಲಸ ಮಾಡಿ, ಕೊನೆಗೆ ಇಲ್ಲಿಗೆ ವಾಪಸ್ ಬಂತು.

67 ಮೀಟರ್ ಉದ್ದ ಅಂತ ಬೋರ್ಡ್ ಹೇಳುತ್ತೆ. ಒಳಗೆ ಹೋದರೆ ಉದ್ದ ಗೊತ್ತಾಗುತ್ತೆ, ಅಗಲ ಇಲ್ಲವೇ ಇಲ್ಲ. ದುಂಡು ಬಾಗಿಲಲ್ಲಿ ಕಾಲು ಮೊದಲು ಹಾಕಿ ತಲೆ ಬಗ್ಗಿಸಿ ನುಸುಳಬೇಕು. ಭಾವನ ಮಂಡಿ ನೋವು, ಆದರೂ ಬಿಡಲಿಲ್ಲ. ಎಂಜಿನ್ ರೂಮಿನಲ್ಲಿ ಎರಡು ಡೀಸೆಲ್‌ಗಳ ನಡುವೆ ನಿಂತು ಒಂದು ರಾಕರ್ ಮೇಲೆ ಕೈಯಿಟ್ಟರು. ಎಷ್ಟೋ ವರ್ಷದ ನಂತರ ಕೆಲಸಕ್ಕೆ ವಾಪಸ್ ಬಂದವರ ಮುಖ. ಇಲ್ಲಿ ಸುಮಾರು 50 ಜನ ವಾರಗಟ್ಟಲೆ ಇರುತ್ತಿದ್ದರು. ಒಬ್ಬ ಎದ್ದ ಹಾಸಿಗೆಯಲ್ಲಿ ಇನ್ನೊಬ್ಬ ಮಲಗುತ್ತಿದ್ದ.

ಬಿರುಗಾಳಿಯಲ್ಲಿ ಕಷ್ಟ ಜಾಸ್ತಿ ಇದ್ದದ್ದು ಮೇಲೆ ಬ್ರಿಡ್ಜಿನಲ್ಲಿ, ಅಂದರೆ ಟವರ್ ಮೇಲಿನ ತೆರೆದ ಕಟ್ಟೆಯಲ್ಲಿ. ಕಾವಲಿನ ನಾಲ್ಕು ಜನ ನಾಲ್ಕು ದಿಕ್ಕು ಹಂಚಿಕೊಂಡು, ಒಬ್ಬೊಬ್ಬರೂ ತಮ್ಮ ಕಾಲು ಭಾಗ ಬಿಟ್ಟು ಬೇರೆ ಕಡೆ ನೋಡುವಂತಿಲ್ಲ. ನಾಲ್ಕು ಗಂಟೆ ಹೀಗೆ. ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಉಕ್ಕಿನ ಹಗ್ಗ, ಅದನ್ನು ಕಂಬಿಗೆ ಸಿಕ್ಕಿಸಿಕೊಳ್ಳಬೇಕು. ಅಲೆ ತಲೆ ಮೇಲೆ ಬಂದಾಗ ಉಸಿರು ಹಿಡಿದು ಕೂರಬೇಕು. ಕೆಳಗೆ ನೀರು ಹೋಗದಿರಲಿ ಅಂತ ಕಾವಲಿನವರ ಕಾಲ ಕೆಳಗಿನ ಮುಚ್ಚಳವನ್ನು ಹಾಕಿಬಿಡುತ್ತಿದ್ದರು. 1941ರ ಅಕ್ಟೋಬರ್‌ನಲ್ಲಿ ಯು-106ರಲ್ಲಿ ಹೀಗೆ ಮೇಲಿದ್ದ ನಾಲ್ಕೂ ಜನ ಕೊಚ್ಚಿಹೋದರು. ಮುಂದಿನ ಪಾಳಿಯವರು ಮೇಲೆ ಹೋದಾಗ ಬ್ರಿಡ್ಜ್ ಖಾಲಿ. ಯಾವಾಗ ಹೋದರು ಅಂತ ಕೆಳಗಿದ್ದ ಯಾರಿಗೂ ಗೊತ್ತಿರಲಿಲ್ಲ.

ಅದಕ್ಕೇ ಅನುಭವಸ್ಥ ಕ್ಯಾಪ್ಟನ್‌ಗಳು ಹವೆ ತೀರಾ ಕೆಟ್ಟಾಗ ಮುಳುಗಿಬಿಡುತ್ತಿದ್ದರು. ಕೆಳಗೆ ಹೋದಷ್ಟೂ ತೂಗಾಟ ಕಡಿಮೆ. ದೊಡ್ಡ ಬಿರುಗಾಳಿಯಲ್ಲಿ 40-50 ಮೀಟರ್ ಆಳದಲ್ಲೂ ಸಣ್ಣಗೆ ತೊಟ್ಟಿಲಾಡಿದ ಹಾಗೆ ಆಡುತ್ತಿತ್ತಂತೆ. ಆದರೂ ಬಿಸಿ ಊಟ ಮಾಡಬಹುದು, ಮೂರು ಗಂಟೆ ನಿದ್ದೆ ಬರುತ್ತೆ. ಟಾರ್ಪಿಡೊ ಬಿಟ್ಟರೂ ಅಂಥಾ ಅಲೆಯಲ್ಲಿ ಸರಿಯಾಗಿ ಓಡಲ್ಲ. ಹೊಡೆಯಲಾಗದ ಹೊತ್ತಿನಲ್ಲಿ ಜನರನ್ನು ಸುಮ್ನೆ ದಣಿಸಿ ಪ್ರಯೋಜನ ಏನು?

ಮಂಜಿನಲ್ಲಿ ಮುಳುಗಲು ಇನ್ನೊಂದು ಕಾರಣ. ರೇಡಿಯೊ ಕೋಣೆಯ ಪಕ್ಕದಲ್ಲಿ ಒಂದು ಕಿರಿದಾದ ಗೂಡಿದೆ. ಗಾಜಿನ ಆಚೆಯಿಂದ ನೋಡಬೇಕು. ಕುರ್ಚಿ, ಒಂದು ಚಕ್ರ, ಹೆಡ್‌ಫೋನ್. ನೀರಿನೊಳಗೆ ಸದ್ದು ಆಲಿಸುವ ಜಾಗ. ಮೇಲೆ ಕಣ್ಣಿಗೆ ನೂರು ಮೀಟರ್ ಕಾಣದಿದ್ದಾಗ ಕೆಳಗೆ ಕಿವಿಗೆ ಒಂಟಿ ಹಡಗಿನ ಪ್ರೊಪೆಲ್ಲರ್ ಇಪ್ಪತ್ತು ಕಿಲೋಮೀಟರ್ ತನಕ ಕೇಳುತ್ತಿತ್ತು, ಹಡಗುಗಳ ಗುಂಪಾದರೆ ಇನ್ನೂ ಎಷ್ಟೋ ದೂರ. ಹಾಗಾಗಿ ಮಂಜಿನಲ್ಲಿ ಆಗಾಗ ಮುಳುಗಿ, ಎಲ್ಲ ಯಂತ್ರ ನಿಲ್ಲಿಸಿ, ಯಾರೂ ಮಾತಾಡದೆ, ಚಕ್ರ ತಿರುಗಿಸುವವನ ಮುಖ ನೋಡ್ತಾ ಕೂರುತ್ತಿದ್ದರು. ಆ ಚಕ್ರದ ಹಿತ್ತಾಳೆ ಅಂಚು ಕೈ ತಾಗಿ ತಾಗಿ ಸವೆದು ಹೊಳೀತಿತ್ತು. ಈ ಇಡೀ ಪ್ರವಾಸದಲ್ಲಿ ನನ್ನ ಕಣ್ಣಲ್ಲಿ ಉಳಿದದ್ದು ಅದು.

ಆದರೆ ಈ ಉಪಾಯವೂ ಒಂದು ಹಂತದ ಮೇಲೆ ಸಾಕಾಗಲಿಲ್ಲ. 1943ರ ಏಪ್ರಿಲ್ ಕೊನೆಯಲ್ಲಿ ಒಎನ್‌ಎಸ್-5 ಎಂಬ ಸರಕು ಹಡಗುಗಳ ಗುಂಪು ಲಿವರ್‌ಪೂಲ್‌ನಿಂದ ಹ್ಯಾಲಿಫ್ಯಾಕ್ಸ್ ಕಡೆಗೆ ಹೊರಟಿತ್ತು. ಗ್ರೀನ್‌ಲ್ಯಾಂಡಿನ ದಕ್ಷಿಣಕ್ಕೆ ಬಿರುಗಾಳಿ ಹಿಡಿದು ಹಡಗುಗಳು ಚೆಲ್ಲಾಪಿಲ್ಲಿಯಾದವು. ಕಾವಲು ನಾಯಕ ಪೀಟರ್ ಗ್ರೆಟನ್‌ನ ಡಂಕನ್ ನೌಕೆಗೆ ಆ ಅಲೆಗಳಲ್ಲಿ ಎಣ್ಣೆ ತುಂಬಿಸಿಕೊಳ್ಳಲು ಆಗದೆ ಅದು ಬಿಟ್ಟು ಹೋಗಬೇಕಾಯ್ತು. ರಾಬರ್ಟ್ ಶೆರ್ವುಡ್ ಜವಾಬ್ದಾರಿ ವಹಿಸಿಕೊಂಡ. ಸುತ್ತ ಸುಮಾರು 40 ಜರ್ಮನ್ ಸಬ್‌ಮರೀನ್‌ಗಳು ಸೇರಿದ್ದವು. ಮೇ 4ರ ರಾತ್ರಿಯಿಂದ 5ರ ಸಂಜೆಯೊಳಗೆ ಅವು 12 ಹಡಗು ಮುಳುಗಿಸಿದವು. ಮುಂದಿನ ರಾತ್ರಿ ಉಳಿದವೂ ಮುಗಿಯುತ್ತವೆ ಅನ್ನುವಾಗ ಮಂಜು ಬಂತು.

ಲೂಸಿಟಾನಿಯಾ ಕಾಲದಲ್ಲಾಗಿದ್ದರೆ ಮಂಜಿನಲ್ಲಿ ಎರಡೂ ಕಡೆಯವರು ಕುರುಡರು. ಈಗ ಬ್ರಿಟಿಷ್ ಕಾವಲು ಹಡಗುಗಳಲ್ಲಿ 10 ಸೆಂಟಿಮೀಟರ್ ರೇಡಾರ್ ಇತ್ತು. ಅದಕ್ಕೆ ಮಂಜು ಲೆಕ್ಕವೇ ಇಲ್ಲ. ಜರ್ಮನ್ನರ ಬಳಿ ಇದ್ದ ಎಚ್ಚರಿಕೆ ಯಂತ್ರಕ್ಕೆ ಆ ತರಂಗ ಹಿಡಿಯಲು ಬರುತ್ತಿರಲಿಲ್ಲ. ಮಂಜು ನಮ್ಮನ್ನು ಮರೆ ಮಾಡಿದೆ ಅಂದುಕೊಂಡು ಮೇಲೆ ತೇಲುತ್ತಿದ್ದ ಸಬ್‌ಮರೀನ್‌ನ ಮೇಲೆ ಬಿಳಿ ಗೋಡೆಯೊಳಗಿಂದ ಹಡಗಿನ ಮೂತಿ ನೇರವಾಗಿ ಬಂದು ಬೀಳುತ್ತಿತ್ತು. ಯು-125ಕ್ಕೆ ಒರಿಬಿ ಎಂಬ ಡಿಸ್ಟ್ರಾಯರ್ ಹಾಗೇ ಗುದ್ದಿತು. ಅದಕ್ಕೆ ಮುಳುಗಿ ತಪ್ಪಿಸಿಕೊಳ್ಳಲು ಆಗಲಿಲ್ಲ. ಸ್ನೋಫ್ಲೇಕ್ ಎಂಬ ಚಿಕ್ಕ ನೌಕೆ ಅದನ್ನು ಹುಡುಕಿ ಹಿಡಿಯಿತು. ಸಿಬ್ಬಂದಿ ನೀರಿಗೆ ಹಾರಿದರು. ಅವರನ್ನು ಎತ್ತಿಕೊಳ್ಳಲೇ ಅಂತ ಸ್ನೋಫ್ಲೇಕ್ ಕೇಳಿತು, ಶೆರ್ವುಡ್ ಒಪ್ಪಲಿಲ್ಲ. ಸುತ್ತ ಇನ್ನೂ ಸಬ್‌ಮರೀನ್‌ಗಳಿದ್ದವು, ನಿಂತ ಹಡಗು ಸತ್ತ ಹಡಗು. 54 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಇಡೀ ಕಾದಾಟದಲ್ಲಿ 6 ಸಬ್‌ಮರೀನ್ ಹೋದವು, ಜಾಸ್ತಿ ಹೋದದ್ದು ಆ ಮಂಜಿನಲ್ಲೇ. ಮೇ 24ಕ್ಕೆ ಜರ್ಮನ್ ನೌಕಾಪಡೆಯ ಮುಖ್ಯಸ್ಥ ಡೋನಿಟ್ಸ್ ಉತ್ತರ ಅಟ್ಲಾಂಟಿಕ್‌ನಿಂದ ತನ್ನ ಸಬ್‌ಮರೀನ್‌ಗಳನ್ನು ಹಿಂದಕ್ಕೆ ಕರೆಸಿಕೊಂಡ.

ಹೊರಗೆ ಬಂದಾಗ ಬಿಸಿಲಿಗೆ ಕಣ್ಣು ಬಿಡಲು ಆಗಲಿಲ್ಲ. ಭಾವ ಮರಳಿನ ಮೇಲೆ ಕೂತು ಶೂ ಬಿಚ್ಚಿ, ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ದಿನ 7: ಮೋಲ್ಟೆನೋರ್ಟ್

ಕೊನೆಯ ಬೆಳಿಗ್ಗೆ ಮತ್ತೆ ಮಂಜು, ತೆಳುವಾಗಿ. ಲಾಬೊಗೆ ಹೋಗುವ ಅದೇ ಫೆರ್ರಿ ದಾರಿಯಲ್ಲಿ ಮೋಲ್ಟೆನೋರ್ಟ್‌ನಲ್ಲಿ ನಿಲ್ಲುತ್ತೆ. ಇಲ್ಲಿ ಸತ್ತ ಸಬ್‌ಮರೀನ್ ಸಿಬ್ಬಂದಿಯ ಸ್ಮಾರಕವಿದೆ. ಬಾಗಿದ ಗೋಡೆಯ ಉದ್ದಕ್ಕೂ ಕಂಚಿನ ಫಲಕಗಳು, ಒಂದೊಂದು ಸಬ್‌ಮರೀನ್‌ಗೂ ಸಂಖ್ಯೆ, ಅದರ ಕೆಳಗೆ ಹೆಸರುಗಳು. ಮೊದಲ ಯುದ್ಧದವು 4,700ಕ್ಕೂ ಜಾಸ್ತಿ, ಎರಡನೆಯದು ಸುಮಾರು 30 ಸಾವಿರ.

ಶ್ವೀಗರ್ ಯು-20 ಕಳೆದುಕೊಂಡ ಮೇಲೆ ಯು-88ಕ್ಕೆ ಹೋದ. 1917ರ ಸೆಪ್ಟೆಂಬರ್ 5ರಂದು ನಾರ್ತ್ ಸೀಯಲ್ಲಿ ಅದು ಬಹುಶಃ ನೀರಿನಲ್ಲಿ ಹುದುಗಿಸಿಟ್ಟ ಸಿಡಿಗುಂಡಿಗೆ (ಮೈನ್) ತಗುಲಿ ಎಲ್ಲ 43 ಜನರ ಜೊತೆ ಹೋಯ್ತು. ಅವನಿಗೆ ಆಗ 32 ವರ್ಷ.

ಭಾವ ಯು-125ರ ಫಲಕ ಹುಡುಕಿ ನಿಂತರು. ಇಬ್ಬನಿ ಅಕ್ಷರಗಳ ಮೇಲೆ ಹನಿಗಟ್ಟಿತ್ತು. ಕರ್ಚೀಫಿನಿಂದ ಒರೆಸಿ, ಬೆರಳಿಟ್ಟು ಒಂದೊಂದೇ ಹೆಸರು ಎಣಿಸಲು ಶುರು ಮಾಡಿದರು. ಅವರು ಅರ್ಧಕ್ಕೆ ಬಂದಾಗ ಕಡಲ ಕಡೆಯಿಂದ ಫೆರ್ರಿಯ ಹಾರ್ನ್ ಉದ್ದಕ್ಕೆ ಕೇಳಿತು. ಹಡಗು ಕಾಣುತ್ತಿರಲಿಲ್ಲ. ಭಾವ ಬೆರಳನ್ನು ಆ ಹೆಸರಿನ ಮೇಲೇ ಇಟ್ಟುಕೊಂಡು ಇನ್ನೊಂದು ಕೈಯ ಗಡಿಯಾರ ನೋಡಿದರು. ಎರಡು ನಿಮಿಷ ಆಗುವ ಮೊದಲೇ ಮತ್ತೆ ಕೇಳಿತು, ಈ ಸಲ ಇನ್ನೂ ಹತ್ತಿರದಿಂದ. ಅವರು ಎಣಿಕೆ ಮುಂದುವರಿಸಿದರು.